ಎಣಿಕೆಗೆ ಸಿಕ್ಕ ಮಕ್ಕಳು



ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಸೀಮೆಯಲ್ಲಿ ದತ್ತಿ ಉಪನ್ಯಾಸ ಎಂದರೆ ಮಂಟೇಸ್ವಾಮಿ, ಮಾದಪ್ಪ, ಇಲ್ಲವೇ ವಚನ ಎಂದು ರೂಢಿ. ಮಕ್ಕಳ ಡಾಕ್ಟರನ್ನು ಕರೆದು ಮೈಕಿನ ಮುಂದೆ ನಿಲ್ಲಿಸುವ ಧೈರ್ಯ ಮಾಡಿದ್ದಕ್ಕೆ ಮೊದಲು ನಮಸ್ಕಾರ. ವಿಷಯವನ್ನು ನನಗೇ ಬಿಟ್ಟಿದ್ದರಿಂದ ನಾನು ಹೆಚ್ಚು ಹುಡುಕಲಿಲ್ಲ. ಕ್ಲಿನಿಕ್ಕಿನಲ್ಲಿ ಪದೇಪದೇ ಕೇಳಿಬರುವ ಪ್ರಶ್ನೆಯನ್ನೇ ತಂದಿದ್ದೇನೆ. ‘ಈ ಆಟಿಸಂ, ಎಡಿಎಚ್‌ಡಿ ಅನ್ನೋದೆಲ್ಲ ಈಗ್ಯಾಕೆ ಇಷ್ಟೊಂದು? ನಮ್ ಕಾಲ್ದಲ್ಲಿ ಎಲ್ಲಿತ್ತು?’

ಅಜ್ಜಿಯರು ಕೇಳಿದರೆ ಅದರಲ್ಲಿ ಸೊಸೆಯ ಮೇಲೊಂದು ಸಣ್ಣ ಆಕ್ಷೇಪಣೆ ಇರುತ್ತದೆ. ಮೇಷ್ಟ್ರು ಕೇಳಿದರೆ ಡಾಕ್ಟರ ಮೇಲೆ ಅನುಮಾನ ಇರುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಪ್ಪ ಕೇಳಿದರೆ ಕೈಯಲ್ಲಿ ಮೊಬೈಲ್ ಇರುತ್ತದೆ, ಮೊಬೈಲಿನಲ್ಲಿ ಅಮೆರಿಕದ ಅಂಕಿ ಇರುತ್ತದೆ. ಆ ಅಂಕಿ ಸುಳ್ಳಲ್ಲ. ಅಮೆರಿಕದ ಸಿಡಿಸಿ ಸಂಸ್ಥೆ ಎಂಟು ವರ್ಷದ ಮಕ್ಕಳ ದಾಖಲೆ ನೋಡಿ ಲೆಕ್ಕ ಹಾಕುತ್ತದೆ. 2000ದಲ್ಲಿ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಎಂದಿತ್ತು. 2022ರ ಲೆಕ್ಕದಲ್ಲಿ ಅದು 31ಕ್ಕೆ ಒಬ್ಬರಾಯಿತು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕೂ ಮುಕ್ಕಾಲು ಪಟ್ಟು. ಇದನ್ನು ನೋಡಿದ ಯಾರಿಗಾದರೂ ಮೊದಲು ಹೊಳೆಯುವುದು ಗಾಳಿ ಕೆಟ್ಟಿದೆ, ನೀರು ಕೆಟ್ಟಿದೆ, ತಿನ್ನುವುದು ಕೆಟ್ಟಿದೆ ಎಂದೇ.

ಅಮೆರಿಕಕ್ಕೆ ಹೋಗುವ ಮೊದಲು ಒಮ್ಮೆ ಯಳಂದೂರಿಗೆ ಹೋಗಿಬರೋಣ. ಈ ಪ್ರಶ್ನೆಗೆ ಬೇಕಾದ ಪಾಠದ ಅರ್ಧ ಅಲ್ಲಿ ಮೂವತ್ತು ವರ್ಷದ ಹಿಂದೆಯೇ ನಡೆದುಹೋಗಿದೆ.

ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗಕ್ಕಾಗಿ. ಕಾರ್ಯಕರ್ತರು ಮನೆಮನೆಗೆ ಹೋಗಿ ಬೆನ್ನು, ಮೊಣಕೈ, ಕಿವಿಯ ಅಂಚು ನೋಡುತ್ತಿದ್ದರು. ಆಮೇಲೆ ಅದೇ ತಾಲ್ಲೂಕು ಫಿಟ್ಸ್‌ ಕಾಯಿಲೆಯ ಎಣಿಕೆಗೂ ನೆಲವಾಯಿತು. 1990ರ ದಶಕದ ಆರಂಭದಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65,000 ಜನರನ್ನು ಮನೆಮನೆ ಸಮೀಕ್ಷೆಯಲ್ಲಿ ನೋಡಿದರು. ವೈದ್ಯಲೋಕ ಅದನ್ನು ಇಂದಿಗೂ ‘ಯಳಂದೂರು ಅಧ್ಯಯನ’ ಎಂದೇ ಕರೆಯುತ್ತದೆ. 1998ರಲ್ಲಿ ಒಂದು ವರದಿ ಬಂತು. 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇನ್ನೊಂದು ಬಂತು. ಎರಡನೆಯದು ಹೇಳಿದ್ದು ಇಷ್ಟು: ಫೀನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಎರಡು ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳಬಹುದು.

ಆ ಸಮೀಕ್ಷೆ ನಡೆಯುವ ತನಕ ಯಳಂದೂರಿನಲ್ಲಿ ಫಿಟ್ಸ್ ಇರಲಿಲ್ಲವೆ? ಇತ್ತು. ದೆವ್ವವಾಗಿ ಇತ್ತು, ಗಾಳಿಯಾಗಿ ಇತ್ತು, ಮದುವೆ ಸಂಬಂಧ ಮುರಿಯಬಾರದೆಂದು ಬಚ್ಚಿಟ್ಟ ಗುಟ್ಟಾಗಿ ಇತ್ತು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಬರುವ ಒಂದು ವಿಚಿತ್ರ ಫಿಟ್ಸ್ ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು. ಅದರ ಬಗ್ಗೆ 1960ರ ದಶಕದಲ್ಲೇ ಬರೆದವರಲ್ಲಿ ಇದೇ ಮಣಿಯವರೂ ಒಬ್ಬರು. ಬಚ್ಚಲುಮನೆಯಲ್ಲಿ ಬಿದ್ದ ಸೊಸೆಯನ್ನು ಆಸ್ಪತ್ರೆಗೆ ಯಾರು ಕರೆತರುತ್ತಿದ್ದರು? ಎಣಿಸುವವರು ಬಾಗಿಲಿಗೆ ಬಂದು ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಆಗುತ್ತದೆಯೆ?’ ಎಂದು ಕೇಳಿದ ಮೇಲೆ ಪುಸ್ತಕದಲ್ಲಿ ರೋಗ ಹೆಚ್ಚಾಯಿತು. ಮೈಯಲ್ಲಿ ಹೆಚ್ಚಾಗಲಿಲ್ಲ.

ಆಟಿಸಂ, ಎಡಿಎಚ್‌ಡಿ ವಿಷಯದಲ್ಲಿ ಜಗತ್ತಿನಾದ್ಯಂತ ನಡೆದಿರುವುದರ ಬಹುಪಾಲು ಇದೇ ಎಂಬುದು ನನ್ನ ತಿಳಿವಳಿಕೆ. ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಉಳಿದ ಪಾಲಿಗೆ ಆಮೇಲೆ ಬರುತ್ತೇನೆ.

ಒಬ್ಬ ಹುಡುಗನ ಮಾತು ಹೇಳುತ್ತೇನೆ. ಹನೂರು ಕಡೆಯ ರೇಷ್ಮೆ ಸಾಕುವ ಮನೆಯವನು, ಮೂರು ತುಂಬಿದೆ. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ನಿಮಗೆಲ್ಲ ಗೊತ್ತು, ಸುರುಳಿಸುರುಳಿಯಾಗಿ ಹೆಣೆದಿರುತ್ತದೆ. ಈ ಹುಡುಗ ಗೋಡೆಗೆ ಒರಗಿಸಿದ ಖಾಲಿ ಚಂದ್ರಿಕೆಯ ಮುಂದೆ ಕೂತು ಸುರುಳಿಯ ಮೇಲೆ ಬೆರಳಾಡಿಸುತ್ತಾ ಹೊರಗಿನಿಂದ ನಡುವಿಗೆ, ನಡುವಿನಿಂದ ಹೊರಕ್ಕೆ, ಒಪ್ಪೊತ್ತು ಕಳೆಯುತ್ತಾನೆ. ಎತ್ತಿಕೊಂಡರೆ ಬಿಲ್ಲಿನಂತೆ ಬಾಗಿ ಕಿರುಚುತ್ತಾನೆ. ತಾಯಿ ಹೇಳಿದ್ದು: ‘ಕರುದ್ರೆ ತಿರುಗ್ ನೋಡದಿಲ್ಲ ಸಾ. ಕಿವಿ ಕೇಳದಿಲ್ವೇನೋ ಅನ್ಕಂಡೊ. ಆದ್ರ ಕುರ್‌ಕುರೆ ಪೊಟ್ಟಣದ ಸದ್ದಾದ್ರ ಆಚೆ ಮನೆಯಿಂದ ಓಡ್ಬತ್ತನ.’ ಇಡೀ ಪರೀಕ್ಷೆಯನ್ನು ಆಕೆಯೇ ಮಾಡಿ ಮುಗಿಸಿದ್ದರು. ಕಿವಿ ಸರಿಯಾಗಿದೆ, ಹೆಸರಿಗೆ ಓಗೊಡುವುದು ಮಾತ್ರ ಇಲ್ಲ. ಬೆರಳು ತೋರಿಸಿ ಕೇಳುವುದಿಲ್ಲ, ಬೇಕಾದಾಗ ಅಮ್ಮನ ಮುಂಗೈ ಹಿಡಿದು ಡಬ್ಬಿಯ ಮೇಲಿಡುತ್ತಾನೆ. ಅತ್ತೆ ನಾಲಿಗೆಗೆ ಬಜೆ ತಿಕ್ಕಿ ನೋಡಿದ್ದರು. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದಿದ್ದರು. ‘ಅವರಪ್ಪನೂ ನಾಕ್ ವರ್ಸಕ್ಕ ಮಾತಾಡುದ್ದು’ ಎಂದು ಸಮಾಧಾನ ಹೇಳಿದ್ದರು.

ಆ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಟಿಸಂನಲ್ಲಿ ವಂಶವಾಹಿಯ ಪಾಲು ಶೇಕಡಾ 80ರ ಆಸುಪಾಸು ಎಂದು ದೊಡ್ಡ ಕುಟುಂಬ ಅಧ್ಯಯನಗಳು ಹೇಳುತ್ತವೆ. ಎಡಿಎಚ್‌ಡಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಅಂದರೆ ಅಜ್ಜಿ ತನಗರಿವಿಲ್ಲದೆ ಮನೆತನದ ಚರಿತ್ರೆ ಹೇಳುತ್ತಿರುತ್ತಾರೆ. ಆ ಅಪ್ಪನಿಗೆ ಆಗ ಯಾರೂ ಹೆಸರು ಕೊಡಲಿಲ್ಲ. ಈಗ ಕೊಳ್ಳೇಗಾಲದ ಮಾರುಕಟ್ಟೆಗೆ ಗೂಡು ತರುತ್ತಾರೆ, ಲೆಕ್ಕದಲ್ಲಿ ಒಂದು ಪೈಸೆ ತಪ್ಪುವುದಿಲ್ಲ, ಯಾರ ಜೊತೆಗೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಮಗನಿಗೆ ಹೆಸರು ಸಿಕ್ಕಿದಾಗ ಅಪ್ಪ ಸುಮ್ಮನೆ ಕಾಗದ ಓದಿಕೊಂಡರು. ಇದರಲ್ಲಿ ಅರ್ಧ ನನಗೂ ಇದೆ ಸಾರ್, ಎಂದರು. ವಂಶವಾಹಿಗಳು ಇಪ್ಪತ್ತೆರಡು ವರ್ಷದಲ್ಲಿ ನಾಲ್ಕೈದು ಪಟ್ಟು ಬದಲಾಗುವ ಸರಕಲ್ಲ. ಬದಲಾದದ್ದು ಅವನ್ನು ಓದುವ ಕಣ್ಣು.

ಆ ಕಣ್ಣು ಹೇಗೆ ಬದಲಾಯಿತು ಎಂಬುದನ್ನು ಓಡುತ್ತಲೇ ಹೇಳುತ್ತೇನೆ. 1925ರಲ್ಲಿ ರಷ್ಯಾದ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಆರು ಹುಡುಗರನ್ನು ವಿವರಿಸಿದರು. ಯಾರೂ ಹೆಚ್ಚು ಗಮನಿಸಲಿಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಬರೆದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂ ತನ್ನದೇ ಖಾನೆ ಪಡೆದದ್ದು 1980ರಲ್ಲಿ, ಅದೂ ತೀವ್ರವಾಗಿದ್ದರೆ ಮಾತ್ರ. ಇಂಗ್ಲೆಂಡಿನ ಲೋರ್ನಾ ವಿಂಗ್, ತಾವೇ ಇಂಥ ಮಗಳ ತಾಯಿ, ‘ಇದು ಒಂದು ಗೆರೆಯ ಆಚೆ ಈಚೆ ಅಲ್ಲ, ತೀವ್ರತೆಯ ಮೆಟ್ಟಿಲು ಮೆಟ್ಟಿಲಾಗಿ ಹರಡಿಕೊಂಡಿರುವಂಥದ್ದು’ ಎಂದು ವಾದಿಸಿದರು. 1994ರಲ್ಲಿ ಮಾತು ಚೆನ್ನಾಗಿರುವ ಮಕ್ಕಳೂ ಕೈಪಿಡಿಯೊಳಗೆ ಬಂದರು. 2013ರಲ್ಲಿ ಎಲ್ಲ ಒಂದೇ ಛತ್ರಿಯಡಿ ಸೇರಿತು. ಅದೇ 2013ರಲ್ಲಿ ಇನ್ನೆರಡು ಸಣ್ಣ ತಿದ್ದುಪಡಿಗಳಾದವು, ಪರಿಣಾಮ ಸಣ್ಣದಲ್ಲ. ಎಡಿಎಚ್‌ಡಿ ಲಕ್ಷಣ ಏಳು ವರ್ಷದೊಳಗೆ ಕಾಣಿಸಿರಬೇಕು ಎಂದಿದ್ದದ್ದು ಹನ್ನೆರಡಕ್ಕೆ ಏರಿತು. ಆಟಿಸಂ ಇದ್ದರೆ ಎಡಿಎಚ್‌ಡಿ ಬರೆಯಕೂಡದು ಎಂಬ ತಡೆ ಎದ್ದುಹೋಯಿತು. ಒಂದೇ ಮಗು ಎರಡು ಲೆಕ್ಕದಲ್ಲಿ ಬರಲು ಶುರುವಾಯಿತು.

ಖಾನೆ ಬದಲಾದರೆ ಸಂಖ್ಯೆ ಹೇಗೆ ಏರುತ್ತದೆ ಎಂಬುದನ್ನು ಕೊಳ್ಳೇಗಾಲದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಮಲಗಿದಾಗ ನಮ್ಮ ಹಿರಿಯರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯವರು. ಬೆಳಗ್ಗೆ ಎದ್ದಾಗ ಮೈಸೂರು ರಾಜ್ಯದವರು. ಒಂದೇ ಒಂದು ಕೂಸು ಹುಟ್ಟದೆ ಈ ಕಡೆಯ ಜನಸಂಖ್ಯೆ ಏರಿತು, ಆ ಕಡೆಯದು ಇಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಬೇರ್‌ಮನ್ ತಂಡ 2009ರಲ್ಲಿ ತೋರಿಸಿದ್ದೂ ಇದನ್ನೇ. ಅಲ್ಲಿನ ಆಟಿಸಂ ಏರಿಕೆಯ ಸುಮಾರು ಕಾಲು ಭಾಗ, ಮೊದಲು ಬುದ್ಧಿಮಾಂದ್ಯ ಎಂಬ ಖಾನೆಯಲ್ಲೇ ಉಳಿಯುತ್ತಿದ್ದ ಮಕ್ಕಳು. ಡೆನ್ಮಾರ್ಕಿನಲ್ಲಿ 1980ರಿಂದ 1991ರ ನಡುವೆ ಹುಟ್ಟಿದವರ ದಾಖಲೆ ಕೆದಕಿದಾಗ ಏರಿಕೆಯ ಶೇಕಡಾ 60ರಷ್ಟು ಎರಡೇ ಸಂಗತಿಗಳಿಂದ ಬಂದದ್ದು ಗೊತ್ತಾಯಿತು. 1994ರಲ್ಲಿ ನಿಯಮ ಬದಲಾಯಿತು, 1995ರಿಂದ ಹೊರರೋಗಿಗಳ ಚೀಟಿಯನ್ನೂ ಎಣಿಸಲಾಯಿತು. ಸ್ವೀಡನ್ನಿನವರು ಇನ್ನೂ ಜಾಣರು. ಹತ್ತು ವರ್ಷದ ಅವಧಿಯಲ್ಲಿ ಹುಟ್ಟಿದ ಮಕ್ಕಳ ತಂದೆತಾಯಂದಿರನ್ನು ಒಂದೇ ಪ್ರಶ್ನಾವಳಿಯಿಂದ ಕೇಳುತ್ತಾ ಬಂದರು. ಲಕ್ಷಣಗಳ ಪ್ರಮಾಣ ಅಷ್ಟೇ ಇತ್ತು, ಆಸ್ಪತ್ರೆಯ ದಾಖಲೆಯಲ್ಲಿ ಹೆಸರು ಮಾತ್ರ ಏರುತ್ತಲೇ ಹೋಗಿತ್ತು.

ಬೇರ್‌ಮನ್ ತಂಡದ ಇನ್ನೊಂದು ಸಂಶೋಧನೆ ನನಗೆ ಬಹಳ ಇಷ್ಟ. ಆಟಿಸಂ ಇರುವ ಮಗುವಿನ ಮನೆಯ ಪಕ್ಕದಲ್ಲೇ ಇರುವ ಮಕ್ಕಳಿಗೆ ಅದೇ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಅಂಟುರೋಗವಲ್ಲ. ಕಾಂಪೌಂಡಿನ ಈಚೆಯ ತಾಯಿ ಆಚೆಯ ತಾಯಿಗೆ ‘ನನ್ನ ಮಗನೂ ಹೀಗೇ ಮಾಡುತ್ತಿದ್ದ, ಒಮ್ಮೆ ತೋರಿಸಿ’ ಎನ್ನುತ್ತಾರೆ. ಅಷ್ಟೆ. ಮಕ್ಕಳನ್ನು ಕರೆದುಕೊಂಡು ಕೊಳ್ಳೇಗಾಲದಿಂದ ಮೈಸೂರಿಗೆ ಬಸ್ ಹತ್ತುವ ತಾಯಂದಿರ ಮಾತುಕತೆ ಕೇಳಿದವರಿಗೆ ಇದು ಹೊಸ ಸುದ್ದಿಯಲ್ಲ. ಒಂದೇ ಹಳ್ಳಿಯಿಂದ ಒಂದಾದ ಮೇಲೆ ಒಂದು ಮಗು ಬರುವುದನ್ನು ನಾನು ಕಂಡಿದ್ದೇನೆ. ಹಳ್ಳಿಯ ನೀರನ್ನು ಪರೀಕ್ಷೆಗೆ ಕಳಿಸಬೇಕು ಎಂದವರೂ ಇದ್ದಾರೆ. ಮಕ್ಕಳನ್ನು ಪರೀಕ್ಷೆಗೆ ತಂದದ್ದು ನೀರಲ್ಲ, ಒಬ್ಬ ಆಶಾ ಕಾರ್ಯಕರ್ತೆಯ ಚುರುಕು.

ಈಗ ನಮ್ಮ ದೇಶದ ಕಥೆ. ನಾನು ಓದುವಾಗ, ಅಂದರೆ 1995ರ ಅಂಗವಿಕಲರ ಕಾಯ್ದೆಯ ಹೊತ್ತಿಗೆ, ಕಾನೂನಿನಲ್ಲಿದ್ದದ್ದು ಏಳು ಬಗೆ. ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂನ ಹೆಸರೆತ್ತಿತು. 2016ರ ಕಾಯ್ದೆ ಏಳನ್ನು ಇಪ್ಪತ್ತೊಂದು ಮಾಡಿ ಆಟಿಸಂ ಮತ್ತು ಕಲಿಕಾ ನ್ಯೂನತೆಯನ್ನು ಒಳಗೆ ತಂದಿತು. 2011ರ ಜನಗಣತಿಯ ನಮೂನೆಯಲ್ಲಿ ಆಟಿಸಂಗೆ ಕಾಲಮ್ ಇಲ್ಲ. ಚಂದ್ರಿಕೆಯ ಹುಡುಗನಂಥ ಮಗುವಿನ ಮನೆಗೆ ಆಗ ಗಣತಿದಾರ ಬಂದಿದ್ದರೆ ‘ಬುದ್ಧಿಮಾಂದ್ಯ’ ಎಂದೋ ‘ಇತರೆ’ ಎಂದೋ ಬರೆದುಕೊಳ್ಳುತ್ತಿದ್ದ. ಮನೆಯವರು ‘ಏನಿಲ್ಲ, ಮಾತು ತಡ’ ಎಂದಿದ್ದರೆ ಅದೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಸರ್ಕಾರದ ವ್ಯಾನು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ನಿಲ್ಲತೊಡಗಿತು. ಅವರ ಕೈಯಲ್ಲಿರುವ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲು, ಸೀಳುತುಟಿಯ ಜೊತೆಗೆ ಆಟಿಸಂ ಇದೆ, ಎಡಿಎಚ್‌ಡಿ ಇದೆ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ನಗಬೇಕು, ಯಾವ ತಿಂಗಳಿಗೆ ಮಾತಾಡಬೇಕು ಎಂಬ ಚಿತ್ರ ಇದೆ. ಮನೋಚೈತನ್ಯ ಎಂಬ ಕಾರ್ಯಕ್ರಮದ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟಾಯಿತು. 2016ರಲ್ಲಿ ಚಾಮರಾಜನಗರಕ್ಕೆ ಮೆಡಿಕಲ್ ಕಾಲೇಜು ಬಂತು. 1965ರಿಂದ ಮೈಸೂರಿನಲ್ಲಿರುವ, ನಮ್ಮ ಜನ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದೇ ಕರೆಯುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತನ್ನ ಒಂದು ಹೊರಕೇಂದ್ರವನ್ನು ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆರೆಯಿತು. ಆ ಆರೋಗ್ಯ ಕೇಂದ್ರವನ್ನು 1996ರಿಂದ ನಡೆಸಿದ್ದು ಕುಷ್ಠರೋಗ ಹುಡುಕಲು ಹೊರಟ ಅದೇ ಕರುಣಾ ಟ್ರಸ್ಟ್.

ಇಷ್ಟು ಬಾಗಿಲು ತೆರೆದ ಮೇಲೂ ಎಣಿಕೆ ಏರದಿದ್ದರೆ ಅದೇ ಆತಂಕದ ಸುದ್ದಿಯಾಗುತ್ತಿತ್ತು.

ಹಾಗಾದರೆ ನಿಜವಾಗಿಯೂ ಏನೂ ಹೆಚ್ಚಾಗಿಲ್ಲವೆ? ಸ್ವಲ್ಪ ಆಗಿರಬಹುದು. ನಾನು ಕೆಲಸ ಶುರು ಮಾಡಿದಾಗ ಒಂದು ಕಿಲೋ ತೂಕದ ಕೂಸು ಉಳಿದರೆ ಊರೆಲ್ಲ ನೋಡಲು ಬರುತ್ತಿದ್ದರು. ಈಗ ನವಜಾತ ಶಿಶು ಘಟಕಗಳಲ್ಲಿ ಅಂಥವು ಉಳಿಯುತ್ತವೆ, ಉಳಿಯಬೇಕು. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ಆಟಿಸಂ, ಎಡಿಎಚ್‌ಡಿ ಎರಡರ ಸಾಧ್ಯತೆಯೂ ಹೆಚ್ಚು. ತಂದೆತಾಯಂದಿರ ವಯಸ್ಸು ಏರಿದಂತೆ ಆಟಿಸಂನ ಸಾಧ್ಯತೆ ತುಸು ಏರುತ್ತದೆ, ಓದು ಕೆಲಸ ಅಂತ ಮದುವೆ ತಡವಾಗುತ್ತಿರುವುದು ನಮ್ಮಲ್ಲೂ ನಿಜ. ಈ ಪಾಲು ಚಿಕ್ಕದು. ಆದರೆ ಅದನ್ನು ಇಲ್ಲ ಎನ್ನಲು ಬರುವುದಿಲ್ಲ.

ಲಸಿಕೆಯ ಮಾತು ಇನ್ನೂ ಸತ್ತಿಲ್ಲ, ಆದ್ದರಿಂದ ಹೇಳಿ ಮುಗಿಸುತ್ತೇನೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬಾತ 12 ಮಕ್ಕಳ ಮೇಲೆ, ಲಸಿಕೆಗೂ ಆಟಿಸಂಗೂ ನಂಟು ಹಾಕಿ ಬರೆದ ಲೇಖನವನ್ನು ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಆತನ ವೈದ್ಯ ನೋಂದಣಿಯೂ ಹೋಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2019ರಲ್ಲಿ ಸಂಬಂಧವಿಲ್ಲ ಎಂದರು. ಬಸುರಿಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮೇಲೆ ಈಚೆಗೆ ಅಮೆರಿಕದ ಅಧ್ಯಕ್ಷರೇ ಗೂಬೆ ಕೂರಿಸಿದರು. ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆಯಲ್ಲಿ ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿದಾಗ ಆ ಸಂಬಂಧ ಕಾಣಲಿಲ್ಲ, 2024ರಲ್ಲೇ. ಇನ್ನು ಮೊಬೈಲ್. ಮೊಬೈಲಿನಿಂದ ಆಟಿಸಂ ಬರುತ್ತದೆ ಎಂದು ನಾನು ಹೇಳುವುದಿಲ್ಲ. ‘ವರ್ಚುಯಲ್ ಆಟಿಸಂ’ ಎಂಬ ಹೆಸರು ಓಡಾಡುತ್ತಿದೆ, ಅದು ಯಾವ ಕೈಪಿಡಿಯಲ್ಲೂ ಇರುವ ರೋಗವಲ್ಲ. ಎರಡು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಟ್ಟು ಅನ್ನ ತಿನ್ನಿಸಿದರೆ ಮಗು ಕೇಳುವ ಮಾತು ಕಡಿಮೆಯಾಗುತ್ತದೆ, ಆಡುವ ಮಾತು ತಡವಾಗಬಹುದು. ಅದು ಬೇರೆ ಸಂಗತಿ. ಆದರೆ ‘ಮೊಬೈಲ್ ನಿಲ್ಲಿಸಿ, ಸರಿಹೋಗುತ್ತಾನೆ’ ಎಂದು ಕಳಿಸಿದ ಮಗು ಒಂದು ವರ್ಷ ಬಿಟ್ಟು ಅದೇ ಸ್ಥಿತಿಯಲ್ಲಿ ಬಂದರೆ ಹೋದ ವರ್ಷ ಹೋಯಿತು. ಅಮ್ಮನ ಮೇಲೆ ಹೊರಿಸಿದ ಅಪವಾದ ಮಾತ್ರ ಉಳಿಯಿತು.

ಎಡಿಎಚ್‌ಡಿಯನ್ನು ಇಲ್ಲಿಯ ತನಕ ಆಟಿಸಂನ ಬಾಲದಂತೆ ಎಳೆದುಕೊಂಡು ಬಂದೆ. ಅದರದ್ದು ಬೇರೆಯೇ ಗಲಾಟೆ. ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು, ಅಂದಮೇಲೆ ಇದು ಇನ್ಸ್ಟಾಗ್ರಾಮ್ ಕಾಲದ ಸೃಷ್ಟಿಯಲ್ಲ. ಆದರೆ ಆಟಿಸಂಗಿಂತ ಇಲ್ಲಿ ಶಾಲೆಯ ಕೈ ದೊಡ್ಡದು. ಗಮನ ಸಾಲದು, ಕೂತಲ್ಲಿ ಕೂರುವುದಿಲ್ಲ ಎಂಬ ದೂರು ಹುಟ್ಟಲು ಗಮನ ಕೊಟ್ಟು ಕೂರಬೇಕಾದ ಜಾಗವೊಂದು ಬೇಕು. ‘ಹಿಂದೆ ಇಂಥ ಹುಡುಗರು ದನ ಮೇಯಿಸಿಕೊಂಡು ಕಾಡುಮೇಡು ಅಲೆದು ಆರಾಮಾಗಿದ್ದರು’ ಎಂದು ಕೆಲವರು ಹೇಳುವುದುಂಟು. ಕೇಳಲು ಚೆನ್ನ. ಆ ಹುಡುಗರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೇಷ್ಟ್ರ ಬೆತ್ತಕ್ಕೆ ಹೆದರಿ, ಓದು ಹತ್ತದೆ, ದನದ ಹಿಂದೆ ಹೋದವರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದಮೇಲೆ ಯಾರ ಲೆಕ್ಕದಲ್ಲೂ ಉಳಿಯಲಿಲ್ಲ. ಈಗ ಹತ್ತನೇ ತರಗತಿಯ ತನಕ ಅವರನ್ನು ಬೆಂಚಿನ ಮೇಲೆ ಉಳಿಸಿಕೊಂಡಿದ್ದೇವೆ, ಹಾಗಾಗಿ ಕಣ್ಣಿಗೆ ಬೀಳುತ್ತಾರೆ.

ಶಾಲೆಯ ಕೈ ತಪ್ಪುವುದೂ ಉಂಟು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಡಿಸೆಂಬರ್ 31 ಶಾಲಾ ಸೇರ್ಪಡೆಯ ಗಡಿ. 2012ರ ಅಧ್ಯಯನದ ಪ್ರಕಾರ ಜನವರಿಯಲ್ಲಿ ಹುಟ್ಟಿದವರಿಗಿಂತ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಶೇಕಡಾ 30ರಷ್ಟು, ಹುಡುಗಿಯರಿಗೆ ಶೇಕಡಾ 70ರಷ್ಟು ಹೆಚ್ಚಾಗಿ ಸಿಕ್ಕಿತ್ತು. ಹುಟ್ಟಿದ ತಿಂಗಳು ಕಾಯಿಲೆ ತರುವುದಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತದೆ, ಟೀಚರು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ನಮ್ಮ ಸರ್ಕಾರ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ನಿಯಮ ಮಾಡಿ, ತಂದೆತಾಯಿಯರ ಗದ್ದಲಕ್ಕೆ ಮಣಿದು 2025-26ಕ್ಕೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಆ ಗದ್ದಲ ಮಾಡಿದವರಲ್ಲಿ ಕೆಲವರು ಆಮೇಲೆ ‘ಕೂರೋದೇ ಇಲ್ಲ ಸಾರ್’ ಎಂದು ನನ್ನ ಹತ್ತಿರ ಬಂದಿದ್ದಾರೆ. ಮಗುವಿನ ಹುಟ್ಟಿದ ದಿನ ಕೇಳಿ, ಚೀಟಿಯಲ್ಲಿ ಏನೂ ಬರೆಯದೆ ಕಳಿಸಿದ್ದೇನೆ. ಹೀಗೆ ನೋಡಿದರೆ ಎಡಿಎಚ್‌ಡಿಯ ಏರಿಕೆಯಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಕೇರುವುದಕ್ಕೆ ವ್ಯವಧಾನ ಬೇಕು. ಮನೆ, ಶಾಲೆ ಎರಡೂ ಕಡೆಯ ವಿವರ ಬೇಕು. ಹತ್ತು ನಿಮಿಷದ ಒಪಿಡಿಯಲ್ಲಿ ಅದು ಆಗುವ ಕೆಲಸವಲ್ಲ. ದೊಡ್ಡ ಊರಿನ ಒಂದು ಕ್ಲಿನಿಕ್ಕಿನಿಂದ ಹತ್ತೇ ನಿಮಿಷದಲ್ಲಿ ಮೀಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಮಾತ್ರೆ ಬರೆಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಇಷ್ಟಾಗಿಯೂ ಎಡಿಎಚ್‌ಡಿ 2016ರ ಕಾಯ್ದೆಯ ಇಪ್ಪತ್ತೊಂದರಲ್ಲಿ ಇಲ್ಲ ಎಂಬುದು ಮೇಷ್ಟ್ರುಗಳಿಗೆ ನೆನಪಿರಲಿ. ಹೆಸರು ಸಿಕ್ಕರೂ ಅದೊಂದಕ್ಕೇ ಸರ್ಟಿಫಿಕೇಟು ಇಲ್ಲ.

ನನ್ನ ಮುಖ್ಯ ಮಾತು ಇನ್ನು ಮುಂದಿದೆ. ಹೆಚ್ಚಾಯಿತು ಹೆಚ್ಚಾಯಿತು ಎನ್ನುತ್ತೇವಲ್ಲ, ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಎಣಿಕೆ ಇನ್ನೂ ಹೆಚ್ಚಾಗಬೇಕಾದಷ್ಟು ಹೆಚ್ಚಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಎನ್ನುತ್ತದೆ. ಯಳಂದೂರು ತಾಲ್ಲೂಕಿನ ಜನಸಂಖ್ಯೆ ಸುಮಾರು 80 ಸಾವಿರ ಎಂದಿಟ್ಟುಕೊಂಡು ಭಾಗಿಸಿ. ಮಕ್ಕಳು, ದೊಡ್ಡವರು ಸೇರಿ ಆರುನೂರಕ್ಕೂ ಹೆಚ್ಚು ಬರುತ್ತದೆ. ಇಲ್ಲಿ ಕೂತಿರುವ ನಾವೆಲ್ಲ ಸೇರಿ ಎಷ್ಟು ಜನರನ್ನು ಹೆಸರಿಸಬಲ್ಲೆವು? ದಕ್ಷಿಣ ಕೊರಿಯಾದ ಗೋಯಾಂಗ್ ನಗರದಲ್ಲಿ ಆಸ್ಪತ್ರೆ ದಾಖಲೆಗೆ ಕಾಯದೆ ಶಾಲೆಗಳಿಗೇ ಹೋಗಿ ಹುಡುಕಿದರು. 2011ರಲ್ಲಿ ಬಂದ ಉತ್ತರ 38ಕ್ಕೆ ಒಬ್ಬರು. ಅವರಲ್ಲಿ ಮೂರನೇ ಎರಡು ಪಾಲು ಸಾಮಾನ್ಯ ಶಾಲೆಯಲ್ಲಿ, ಯಾವ ಹೆಸರೂ ಯಾವ ನೆರವೂ ಇಲ್ಲದೆ ಕೂತಿದ್ದರು. ನಮ್ಮ ದೇಶದ ಐದು ಕಡೆ, ಕಾಂಗ್ರಾ, ಪಲ್ವಲ್, ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದಿನಲ್ಲಿ, ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಇದೇ ರೀತಿ ನೋಡಿದ ಅಧ್ಯಯನ 2018ರಲ್ಲಿ ಬಂತು. ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಲ್ಲಿ ನರಬೆಳವಣಿಗೆಯ ಒಂದಲ್ಲ ಒಂದು ತೊಂದರೆ ಇತ್ತು. ಕರ್ನಾಟಕ ಆ ಐದರಲ್ಲಿ ಇಲ್ಲ. ಮನೆಮನೆ ಎಣಿಕೆಗೆ ಹೆಸರಾದ ಯಳಂದೂರಿಗೆ ಇಂಥದ್ದೊಂದು ಎಣಿಕೆ ಅಸಾಧ್ಯವೇನಲ್ಲ.

ಸಿಗದೆ ಉಳಿದವರು ಯಾರೆಂಬುದು ಊಹಿಸಲು ಕಷ್ಟವಿಲ್ಲ. ಹುಡುಗಿಯರು ಮೊದಲು. ಮೂಲೆಯಲ್ಲಿ ಕೂತು ಮಾತಾಡದ ಹುಡುಗನಿಗೆ ‘ಏನೋ ತೊಂದರೆ’ ಎನ್ನುತ್ತೇವೆ, ಹುಡುಗಿಗೆ ‘ಬಲು ಸೌಮ್ಯ’ ಎಂದು ಬಹುಮಾನ ಕೊಡುತ್ತೇವೆ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಪೋಡುಗಳ, ಅಂದರೆ ಕಾಡಿನ ಹಾಡಿಗಳ, ಸೋಲಿಗ ಮಕ್ಕಳು ಆಮೇಲೆ. ಅಲ್ಲಿಗೆ ವ್ಯಾನು ಹೋಗುವುದೇ ರಸ್ತೆ, ಮಳೆ, ಆನೆಯ ಕೃಪೆಯ ಮೇಲೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆ ಮನೆಯಲ್ಲಿ ತಮಿಳು, ಅಂಗನವಾಡಿಯಲ್ಲಿ ಕನ್ನಡ. ಮಗು ಮಾತಾಡದಿದ್ದರೆ ‘ಎರಡು ಭಾಷೆ, ಗೊಂದಲ ಆಗಿದೆ’ ಎಂದು ಬಿಟ್ಟುಬಿಡುತ್ತಾರೆ. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿಗೆ ಆಟಿಸಂ ಬರುವುದಿಲ್ಲ, ಹೆಸರು ಕರೆದರೆ ತಿರುಗುವುದಕ್ಕೆ ಒಂದು ಭಾಷೆಯೂ ಬೇಕಿಲ್ಲ.

ಹೆಸರು ಸಿಕ್ಕ ಮೇಲಿನ ದಾರಿಯನ್ನೂ ಹೇಳಬೇಕು. ಸರ್ಟಿಫಿಕೇಟಿಗೆ ಬಳಸುವ ಭಾರತೀಯ ಆಟಿಸಂ ಮಾಪನದಲ್ಲಿ 40 ಪ್ರಶ್ನೆಗಳಿವೆ, ಒಂದೊಂದಕ್ಕೆ ಒಂದರಿಂದ ಐದು ಅಂಕ. 70 ಮುಟ್ಟಿದರೆ ಆಟಿಸಂ, 153 ದಾಟಿದರೆ ತೀವ್ರ. ಆ ಅಂಕ ಹಿಡಿದು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್, ಮಾಸಾಶನ, ನಿರಾಮಯ ಎಂಬ ಆರೋಗ್ಯ ವಿಮೆಯ ಒಂದು ಲಕ್ಷ. ಇವೆಲ್ಲ ಕಾಗದದ ನೆರವು. ಮಾತು ಕಲಿಸುವವರು, ಚಮಚ ಹಿಡಿಯಲು ಕಲಿಸುವವರು, ಕಿರುಚಾಟ ಶುರುವಾದಾಗ ಏನು ಮಾಡಬೇಕೆಂದು ತಾಯಿಗೆ ಹೇಳಿಕೊಡುವವರು ವಾರಕ್ಕೆ ಎರಡು ಮೂರು ಸಲ ಸಿಗಬೇಕು. ಹನೂರಿನಾಚೆಯ ಹಳ್ಳಿಯಿಂದ ಕೊಳ್ಳೇಗಾಲ, ಅಲ್ಲಿಂದ ಮೈಸೂರು. ಬಸ್ಸಿನ ಗದ್ದಲ ತಡೆಯಲಾರದ ಮಗುವನ್ನು ಕರೆದುಕೊಂಡು ವಾರಕ್ಕೆ ಒಮ್ಮೆ ಹೋದರೂ ಎರಡು ಕೂಲಿ ಹೋಯಿತು. ಹಾಗಾಗಿ ಕೆಲವು ತಾಯಂದಿರು ಮೈಸೂರಿನಲ್ಲೇ ಒಂದು ರೂಮು ಮಾಡಿಕೊಂಡು ಮಗುವಿನೊಂದಿಗೆ ಇರುತ್ತಾರೆ, ಗಂಡ ಊರಲ್ಲಿ ಹಿಪ್ಪುನೇರಳೆ ನೋಡಿಕೊಳ್ಳುತ್ತಾನೆ. ಬ್ಲಾಕ್ ಸಂಪನ್ಮೂಲ ಕೇಂದ್ರದ ಶಿಕ್ಷಕರು, ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಮನೆಗೆ ಬರುತ್ತಾರೆ ನಿಜ. ಒಬ್ಬೊಬ್ಬರ ಪಾಲಿಗೆ ಬರುವ ಊರುಗಳನ್ನು ನೋಡಿದರೆ ಅವರನ್ನು ದೂರಲು ನನಗೆ ಮನಸ್ಸಾಗದು.

ಚಂದ್ರಿಕೆಯ ಹುಡುಗನಂಥ ಮಕ್ಕಳ ಮನೆಯವರು ಈಗ ಕೇಳುವ ಪ್ರಶ್ನೆ ‘ಯಾಕೆ ಹೆಚ್ಚಾಯಿತು’ ಎಂಬುದಲ್ಲ, ‘ದೊಡ್ಡವನಾದ ಮೇಲೆ ಏನು’ ಎಂಬುದು. 2013ರಲ್ಲಿ ಮೊದಲ ವ್ಯಾನು ಬಂದಾಗ ಮೂರು ವರ್ಷವಿದ್ದ ಮಗುವಿಗೆ 2028ಕ್ಕೆ ಹದಿನೆಂಟು. ಅಂದು ಬಾಲ ಸ್ವಾಸ್ಥ್ಯದ ಪಟ್ಟಿಯಿಂದ ಅವನು ಹೊರಗೆ. ಶಾಲೆ ಮುಗಿದಿರುತ್ತದೆ. ಮಕ್ಕಳ ಡಾಕ್ಟರಾದ ನಾನೂ ಅವನಿಗೆ ಡಾಕ್ಟರಲ್ಲ. ಬ್ಯಾಂಕಿನ ಖಾತೆಗೆ, ಜಮೀನಿನ ಪಾಲಿಗೆ ಅವನ ಪರವಾಗಿ ಸಹಿ ಹಾಕಲು 1999ರ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಬೇಕು. ಅದಕ್ಕೆ ಅರ್ಜಿ ಹಾಕಬೇಕೆಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ. ಅರ್ಜಿಯ ಕೆಲವು ನಮೂನೆಗಳನ್ನು ಇಂದು ತಂದಿದ್ದೇನೆ, ಊಟದ ಮೇಜಿನ ಪಕ್ಕದಲ್ಲಿಟ್ಟಿದ್ದೇನೆ. ಗ್ರಾಮ ಪಂಚಾಯ್ತಿಯವರು ಯಾರಾದರೂ ಬಂದಿದ್ದರೆ ಹೋಗುವ ಮೊದಲು ಒಂದು ಪ್ರತಿ ತೆಗೆದುಕೊಂಡು ಹೋಗಿ.